ಸವೆಯದ ರಬ್ಬರು

ರಸ್ತೆಯ ಈಚೆ ನಮ್ಮ ಎಂಜಿನಿಯರಿಂಗ್ ಕಟ್ಟಡ, ಆಚೆ ಬಿಸಿನೆಸ್ ಕಟ್ಟಡ. ಮೂವತ್ತೊಂದು ವರ್ಷದಿಂದ ನಾನು ಈಚೆಯ ಕಟ್ಟಡದ ವರ್ಕ್‌ಶಾಪಿನಲ್ಲಿ ಮೇಸ್ತ್ರಿ. ಆಚೆಗೆ ಹೋದದ್ದು ಎರಡೇ ಸಲ. ಎರಡೂ ಸಲ ಅವರ ಗಾಜಿನ ಬಾಗಿಲು ಕಿರುಗುಟ್ಟುತ್ತದೆ ಅಂತ ಕರೆದಿದ್ದರು. ನಮ್ಮಲ್ಲಿ ನೆಲದ ಮೇಲೆ ಎಣ್ಣೆ, ಅವರಲ್ಲಿ ನೆಲದ ಮೇಲೆ ಕಾರ್ಪೆಟ್ಟು. ನಮ್ಮನ್ನು ಕಂಡರೆ ಅವರು ಮೂಗು ಮುರಿಯುತ್ತಿದ್ದರು, ಅವರನ್ನು ಕಂಡರೆ ನಾವು ನಗುತ್ತಿದ್ದೆವು. ಹೀಗೆ ಎಲ್ಲವೂ ನೆಟ್ಟಗೆ ನಡೆದುಕೊಂಡು ಹೋಗುತ್ತಿತ್ತು.

ಯಾವ ಪುಣ್ಯಾತ್ಮನಿಗೆ ಹೊಳೆಯಿತೋ ಗೊತ್ತಿಲ್ಲ, ಆರು ವರ್ಷದ ಹಿಂದೆ ಎರಡನ್ನೂ ಸೇರಿಸಿ ಒಂದೇ ಕೋರ್ಸು ಮಾಡಿದರು. ಬೆಳಿಗ್ಗೆ ಯಂತ್ರ, ಮಧ್ಯಾಹ್ನ ಮಾರುಕಟ್ಟೆ. ಸೇರಿದ ಮಕ್ಕಳು ಪುಸ್ತಕ ಎದೆಗವಚಿಕೊಂಡು ದಿನಕ್ಕೆ ನಾಲ್ಕು ಸಲ ಆ ರಸ್ತೆ ದಾಟಬೇಕು. ನಮ್ಮ ಹುಡುಗರು ಅವರನ್ನು ‘ವ್ಯಾಪಾರಿಗಳು’ ಅಂದರು, ಆಚೆಯವರು ‘ಸ್ಪ್ಯಾನರುಗಳು’ ಅಂದರು. ನಾನೂ ಬಿಡಲಿಲ್ಲ. ಎರಡು ದೋಣಿಯಲ್ಲಿ ಕಾಲಿಟ್ಟವರು ಈಜು ಕಲಿತಿರಬೇಕು ಕಣ್ರಪ್ಪಾ ಅಂತ ಅವರ ಎದುರಿಗೇ ಹೇಳುತ್ತಿದ್ದೆ. ನನ್ನ ನಾಲಿಗೆ ಅಂಥದ್ದು. ಅದಕ್ಕೆ ಎಣ್ಣೆ ಬಿಡೋದು ಮರೆತುಹೋಗಿದೆ ಅಂತ ನಮ್ಮಾಕೆ ಹೇಳುತ್ತಾಳೆ.

ಆ ಮಕ್ಕಳಲ್ಲಿ ಒಬ್ಬಳಿಗೆ ನಾನು ‘ಅತ್ತಿತ್ತ’ ಅಂತ ಹೆಸರಿಟ್ಟಿದ್ದೆ. ಯಾವಾಗ ನೋಡಿದರೂ ಅತ್ತ ಓಡುತ್ತಿದ್ದಳು, ಇಲ್ಲ ಇತ್ತ ಓಡುತ್ತಿದ್ದಳು. ಸಣ್ಣ ದೇಹ, ದೊಡ್ಡ ಚೀಲ. ಲೇತ್ ಯಂತ್ರದ ಮುಂದೆ ನಿಂತರೆ ಮಾತ್ರ ಒಂದು ಕಡೆ ನಿಲ್ಲುತ್ತಿದ್ದಳು. ಕೆಲಸ ಹೇಳಿಕೊಟ್ಟರೆ ಒಂದೇ ಸಲಕ್ಕೆ ಹಿಡಿಯುತ್ತಿದ್ದಳು, ಬೈದರೆ ತಿರುಗಿ ಬೈಯುತ್ತಿದ್ದಳು. ಬೈಸಿಕೊಂಡು ಸುಮ್ಮನಿರುವವರನ್ನು ಕಂಡರೆ ನನಗೆ ಆಗುವುದಿಲ್ಲ, ಹಾಗಾಗಿ ಇವಳು ಹಿಡಿಸಿದಳು. ಮನೆಯಲ್ಲಿ ಅಪ್ಪ ಇಲ್ಲ. ಅಕ್ಕ ತಾನು ಓದುವುದನ್ನು ಬಿಟ್ಟು ಪ್ಯಾಕಿಂಗ್ ಕೆಲಸಕ್ಕೆ ಸೇರಿ ಇವಳನ್ನು ಓದಿಸುತ್ತಿದ್ದಳು. ಅಕ್ಕನ ಹಳೇ ಗಡಿಯಾರ ಇವಳ ಕೈಯಲ್ಲಿತ್ತು, ಅದು ಐದು ನಿಮಿಷ ಮುಂದೆ ಓಡುತ್ತಿತ್ತು.

ಈ ಕೋರ್ಸಿನ ಕೊನೆಗೆ ಒಂದು ಕಂಟಕ ಇದೆ. ವಿದ್ಯಾರ್ಥಿ ಒಂದು ವಸ್ತು ಮಾಡಬೇಕು. ಅದು ಕೆಲಸ ಮಾಡುತ್ತದೆ ಅಂತ ನಮ್ಮ ಪ್ರೊಫೆಸರು ಒಪ್ಪಬೇಕು, ಅದು ಜನಕ್ಕೆ ಬೇಕು ಅಂತ ಆಚೆಯ ಪ್ರೊಫೆಸರು ಒಪ್ಪಬೇಕು. ಇರುವುದು ಒಂದೇ ಹಾಳೆ, ಅದರ ಮೇಲೆ ಎರಡು ಸಹಿ ಒಂದೇ ದಿನ ಬೀಳಬೇಕು. ಒಂದು ಬಿದ್ದು ಇನ್ನೊಂದು ಬೀಳದಿದ್ದರೆ ಫೇಲು. ಎರಡು ಸಲ ಫೇಲಾದರೆ ಕೋರ್ಸಿನಿಂದಲೇ ಆಚೆ. ಈಚೆಯ ಡಿಗ್ರಿಯೂ ಇಲ್ಲ, ಆಚೆಯದೂ ಇಲ್ಲ, ಐದು ವರ್ಷ ನೀರಿನಲ್ಲಿ ಹೋಮ.

ಅತ್ತಿತ್ತ ಒಂದು ಸಲ ಫೇಲಾಗಿದ್ದಳು. ಕಳೆದ ವರ್ಷ ಅವಳು ಮಾಡಿದ್ದು ಒಂದು ನಲ್ಲಿ. ಎಂಥಾ ನಲ್ಲಿ ಅಂತೀರಿ! ಒಂದು ಹನಿ ಬೇಕೆಂದರೆ ಒಂದೇ ಹನಿ ಬಿಡುತ್ತಿತ್ತು. ನಮ್ಮ ಮೈಕ್ರಾನ್ ಮೇಷ್ಟ್ರು, ಕೂದಲನ್ನೂ ಸೀಳಿ ಅಳೆಯುವ ಮನುಷ್ಯ, ಅದನ್ನು ಹತ್ತು ಸಲ ತಿರುಗಿಸಿ ನೋಡಿ ಸಹಿ ಹಾಕಿಬಿಟ್ಟರು. ಆಮೇಲೆ ಆಚೆಯ ಪ್ರೊಫೆಸರು, ಮಾತಿಗೊಂದು ಚಾರ್ಟ್ ತೋರಿಸುವ ಚಾರ್ಟ್ ಮೇಡಮ್, ಕೇಳಿದರು, “ಇದು ಬೇಕು ಅಂತ ಯಾರಾದ್ರೂ ನಿಮ್ಮನ್ನ ಕೇಳಿದ್ರಾ?” ಯಾರೂ ಕೇಳಿರಲಿಲ್ಲ. ಮೇಡಮ್ ಪೆನ್ನಿಗೆ ಕ್ಯಾಪ್ ಹಾಕಿದರು. ಆ ಟಕ್ ಅನ್ನುವ ಶಬ್ದ ಇವತ್ತಿಗೂ ಕನಸಿನಲ್ಲಿ ಕೇಳುತ್ತದೆ ಅಂತ ಹುಡುಗಿ ಹೇಳುತ್ತಿದ್ದಳು.

“ಈ ಸಲ ಕೇಳಿಯೇ ಮಾಡ್ತೀನಿ ಮೇಸ್ತ್ರೀ. ಒಬ್ರನ್ನಲ್ಲ, ಊರನ್ನೇ ಕೇಳ್ತೀನಿ” ಅಂದಳು.

ಅವಳಿಗೆ ವಿಷಯ ಸಿಕ್ಕಿದ್ದು ನಮ್ಮ ಮನೆಯಲ್ಲೇ. ಒಂದು ಸಂಜೆ ನಾನು ಕನ್ನಡಕವನ್ನು ಬೆಂಚಿನ ಮೇಲೆ ಮರೆತು ಬಂದಿದ್ದೆ. ಕೊಡಲು ಹುಡುಗಿ ಹಿಂದೆಯೇ ಬಂದಳು. ಆಗ ನಮ್ಮಾಕೆ ಅಡುಗೆಮನೆ ಬಾಗಿಲಲ್ಲಿ ಕಾಫಿಪುಡಿ ಬಾಟಲಿ ಹಿಡಿದು ನಿಂತಿದ್ದಳು. ನಾಲ್ಕು ವರ್ಷದಿಂದ ಅವಳಿಗೆ ಕೈ ಕೀಲುಗಳ ನೋವು. ಬೆರಳು ಊದಿಕೊಂಡು ಗಂಟುಗಂಟಾಗಿವೆ, ಬಿಗಿಯಾದದ್ದನ್ನು ತಿರುಗಿಸಲಾಗುವುದಿಲ್ಲ. ಸಂಜೆ ಐದೂವರೆಗೆ ನಾನು ಚಪ್ಪಲಿ ಬಿಡುವುದೇ ತಡ, ಒಳಗಿನಿಂದ ಕೂಗು ಬರುತ್ತದೆ. “ರೀ, ಇದೊಂಚೂರು ತೆಗೆದುಕೊಡಿ.” ನಾನು ಗೊಣಗುತ್ತಾ ಹೋಗಿ ತೆಗೆದುಕೊಡುತ್ತೇನೆ. ಕಾಫಿ ಇಳಿಯುವವರೆಗೆ ಅಲ್ಲೇ ಗೋಡೆಗೊರಗಿ ನಿಂತು ಅವತ್ತು ಮೈಕ್ರಾನ್ ಮೇಷ್ಟ್ರು ಏನು ಕಾಟ ಕೊಟ್ಟರು, ಯಾವ ಹುಡುಗ ಡ್ರಿಲ್ ಬಿಟ್ ಮುರಿದ ಅಂತ ಬೈಯುತ್ತೇನೆ. ಆಮೇಲೆ ಬಾಟಲಿಯನ್ನು ನಾನೇ ಮುಚ್ಚಿ, ಲೋಟ ಹಿಡಿದು ಹೊರಗೆ ಬಂದು ಟೀವಿ ಹಾಕಿಕೊಳ್ಳುತ್ತೇನೆ. ತಿರುಪು ಅಂದಮೇಲೆ ಕೊನೆಯವರೆಗೆ ತಿರುಗಿಸಬೇಕು. ಅರ್ಧಕ್ಕೆ ಬಿಟ್ಟರೆ ನನಗೆ ನಿದ್ದೆ ಬರುವುದಿಲ್ಲ.

ಹುಡುಗಿ ಅವತ್ತು ನಮ್ಮಾಕೆಯ ಬೆರಳು ನೋಡಿದಳು, ಬಾಟಲಿ ನೋಡಿದಳು. ಅಲ್ಲಿಂದ ಶುರುವಾಯಿತು.

ಎರಡು ತಿಂಗಳು ಮನೆಮನೆ ಅಲೆದು ವಯಸ್ಸಾದವರನ್ನು ಕೇಳಿ ಬಂದಳು. ಮುಚ್ಚಳದ ಕಷ್ಟ ಎಲ್ಲರಿಗೂ ಇತ್ತು. ಆಮೇಲೆ ಮೂರು ತಿಂಗಳು ನನ್ನ ಪಕ್ಕದಲ್ಲಿ ನಿಂತು ಮುಚ್ಚಳ ತೆಗೆಯುವ ಒಂದು ಹಿಡಿ ಮಾಡಿದಳು. ಒಂದು ಉದ್ದನೆಯ ಹಿಡಿಕೆ, ತುದಿಯಲ್ಲಿ ಉಕ್ಕಿನ ಪಟ್ಟಿ, ಪಟ್ಟಿಯ ಒಳಮೈಗೆ ಸಣ್ಣ ಗೆರೆಗಳಿರುವ ಮೆತ್ತನೆಯ ರಬ್ಬರು. ಮುಚ್ಚಳಕ್ಕೆ ತೊಡಿಸಿ ಮೊಣಕೈಯಿಂದ ತಳ್ಳಿದರೆ ಸಾಕು, ಬೆರಳಿಗೆ ಕೆಲಸವೇ ಇಲ್ಲ. ಎಷ್ಟು ದಿನ ಬಾಳುತ್ತದೆ ಅಂತ ತಿಳಿಯಲು ಒಂದು ಯಂತ್ರವನ್ನೂ ಕಟ್ಟಿದೆವು. ಅದು ಒಂದು ಬಾಟಲಿಯನ್ನು ತೆಗೆಯುತ್ತಾ ಮುಚ್ಚುತ್ತಾ ದಿನವಿಡೀ ಕಟಕಟ ಅನ್ನುತ್ತಿತ್ತು. ಐವತ್ತು ಸಲ ತೆಗೆದರೆ ರಬ್ಬರಿನ ಗೆರೆ ಎಷ್ಟು ಸವೆಯುತ್ತದೆ, ನೂರು ಸಲಕ್ಕೆ ಎಷ್ಟು ಅಂತ ಹುಡುಗಿ ಮೈಕ್ರೋಮೀಟರಿನಲ್ಲಿ ಅಳೆದು ಒಂದು ಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದಳು.

ಇಪ್ಪತ್ತನಾಲ್ಕು ಹಿಡಿ ಮಾಡಿ ಇಪ್ಪತ್ತನಾಲ್ಕು ಮನೆಗೆ ಒಂದು ತಿಂಗಳಿಗೆ ಕೊಟ್ಟಳು, ನಮ್ಮ ಮನೆಯೂ ಸೇರಿ. ತಿಂಗಳ ಕೊನೆಗೆ ತಾನೇ ಹೋಗಿ ಎದುರು ಕೂತು ಫಾರಮ್ಮು ತುಂಬಿಸಿಕೊಂಡು ಬಂದಳು. ಇಪ್ಪತ್ಮೂರು ಮನೆಯವರು ‘ದಿನಾ ಉಪಯೋಗಿಸುತ್ತೇನೆ’ ಅಂತ ಗುರುತು ಹಾಕಿದ್ದರು, ಒಬ್ಬರು ‘ಆಗಾಗ’ ಅಂತ.

“ಶೇಕಡಾ ತೊಂಬತ್ತಾರು ಮೇಸ್ತ್ರೀ! ಈ ಸಲ ಮೇಡಮ್ ಪೆನ್ನಿನ ಕ್ಯಾಪೇ ಕಿತ್ಕೊಂಡು ಬರ್ತೀನಿ ನೋಡಿ!” ಅಂತ ವರ್ಕ್‌ಶಾಪಿನಲ್ಲೇ ಕುಣಿದಳು. ನನಗೂ ಖುಷಿಯಾಗಿತ್ತು. ತೋರಿಸಿಕೊಳ್ಳಲಿಲ್ಲ.

ಶುಕ್ರವಾರ ಪರೀಕ್ಷೆ. ಅದರ ಹಿಂದಿನ ಭಾನುವಾರ ಮನೆಯಲ್ಲಿ ಸ್ಕ್ರೂಡ್ರೈವರ್ ಕಾಣಲಿಲ್ಲ. ಅಡುಗೆಮನೆಯ ಡ್ರಾಯರನ್ನೆಲ್ಲ ಕಿತ್ತು ಹುಡುಕುವಾಗ ತಳದಲ್ಲಿ ಒಂದು ಬಟ್ಟೆಯ ಗಂಟು ಸಿಕ್ಕಿತು. ಬಿಚ್ಚಿದರೆ ಅದೇ ಹಿಡಿ. ಹೆಬ್ಬೆರಳಿನಿಂದ ರಬ್ಬರನ್ನು ಸವರಿದೆ. ಬೆರಳಿಗೆ ಬಿಳಿ ಪುಡಿ ಅಂಟಿತು. ಅಚ್ಚಿನಿಂದ ಹೊಸದಾಗಿ ತೆಗೆದ ರಬ್ಬರಿಗೆ ಅಂಟಿರುವ ಪುಡಿ ಅದು, ನಾಲ್ಕು ಸಲ ಬಳಸಿದರೆ ಸಾಕು, ಹೋಗಿಬಿಡುತ್ತದೆ.

“ಏನೇ ಇದು?” ಅಂದೆ.

“ಅದೇ, ಆ ಹುಡುಗಿ ಕೊಟ್ಟಿದ್ದು.”

“ಅಷ್ಟು ನನಗೂ ಗೊತ್ತು. ಒಂದು ಸಲಾನೂ ಮುಟ್ಟಿಲ್ಲವಲ್ಲ ನೀನು!”

“ಮುಟ್ಟದೆ ಏನು? ಜೋಪಾನವಾಗಿ ಬಟ್ಟೆ ಸುತ್ತಿ ಇಟ್ಟಿದ್ದೀನಿ.”

“ಫಾರಮ್ಮಲ್ಲಿ ದಿನಾ ಅಂತ ಗುರುತು ಹಾಕಿದ್ಯಲ್ಲ?”

“ಮತ್ತೇನ್ ಹಾಕ್ಲಿ? ಎದುರಿಗೆ ಕೂತಿತ್ತು ಮಗು, ಪೆನ್ನು ಹಿಡ್ಕೊಂಡು, ನನ್ನ ಮುಖಾನೇ ನೋಡ್ತಾ. ಇಲ್ಲ ಅನ್ನೋಕೆ ಬಾಯಿ ಬರುತ್ತೇನ್ರೀ?”

“ಯಾಕೆ, ಅದು ಕೆಲಸ ಮಾಡಲ್ವಾ?”

“ಮಾಡುತ್ತೆ. ಚೆನ್ನಾಗೇ ಮಾಡುತ್ತೆ.”

“ಮತ್ತೆ?”

“ಮತ್ತೂ ಇಲ್ಲ, ಗಿತ್ತೂ ಇಲ್ಲ. ಬಾಟಲಿ ತೆಗೆದುಕೊಡಿ, ನೀರು ಕುದೀತಾ ಇದೆ.”

ತೆಗೆದುಕೊಟ್ಟೆ. ಅವತ್ತು ಗೋಡೆಗೊರಗಿ ನಿಲ್ಲಲಿಲ್ಲ, ಸಿಟ್ಟಿನಲ್ಲಿ ಹೊರಗೆ ಬಂದೆ.

ಸೋಮವಾರ ಬಾಯಿ ಬಿಡಲಿಲ್ಲ. ಬಾಯಲ್ಲಿ ಬಿಸಿತುಪ್ಪ, ಉಗುಳುವ ಹಾಗೂ ಇಲ್ಲ, ನುಂಗುವ ಹಾಗೂ ಇಲ್ಲ. ಹೇಳಿದರೆ ಹುಡುಗಿಯ ತೊಂಬತ್ತಾರು ಬಿದ್ದುಹೋಗುತ್ತದೆ. ಹೇಳದಿದ್ದರೆ ಅವಳು ಪಾಸಾಗುತ್ತಾಳೆ, ಯಾರಿಗೂ ಗೊತ್ತಾಗುವುದಿಲ್ಲ. ನಮ್ಮಾಕೆ ಒಬ್ಬಳು ತಾನೇ ಅಂತ ಸಮಾಧಾನ ಮಾಡಿಕೊಂಡೆ. ಆದರೆ ಒಂದು ತಿರುಪಿನಲ್ಲಿ ತಪ್ಪು ಸಿಕ್ಕರೆ ಇಡೀ ಪೆಟ್ಟಿಗೆಯನ್ನೇ ಸುರಿದು ನೋಡಬೇಕು ಅಂತ ಮೂವತ್ತೊಂದು ವರ್ಷದಿಂದ ಮಕ್ಕಳಿಗೆ ಹೇಳಿಕೊಟ್ಟವನು ನಾನೇ.

ಮಂಗಳವಾರ ಬೆಳಿಗ್ಗೆ ಅವಳು ದೊಡ್ಡ ಪೋಸ್ಟರು ತಂದು ಬೆಂಚಿನ ಮೇಲೆ ಬಿಡಿಸಿದಳು. ನಡುವೆ ತೊಂಬತ್ತಾರು ಅಂತ ಅಂಗೈ ಗಾತ್ರದ ಅಂಕಿ.

“ಹೇಗಿದೆ?” ಅಂದಳು.

“ಸುಳ್ಳಿದೆ” ಅಂದುಬಿಟ್ಟೆ. ನನ್ನ ನಾಲಿಗೆಗೆ ಎಲುಬಿಲ್ಲ ಅಂತ ಮೊದಲೇ ಹೇಳಬೇಕಾಗಿತ್ತು ನಿಮಗೆ.

ಡ್ರಾಯರು, ಬಟ್ಟೆ, ಬಿಳಿ ಪುಡಿ ಎಲ್ಲ ಹೇಳಿದೆ. ಅವಳು ಮೊದಲು ನಕ್ಕಳು. “ಒಂದು ಮನೆ ತಾನೇ ಮೇಸ್ತ್ರೀ” ಅಂದಳು. ಆಮೇಲೆ ಮುಖ ಬಾಡಿತು. ಉಪಕರಣದ ಪೆಟ್ಟಿಗೆಯ ಮೇಲೆ ಕೂತು ತಲೆ ಮೇಲೆ ಕೈ ಹೊತ್ತಳು.

“ನಾನೇ ಮಾಡಿದೆ, ನಾನೇ ತಗೊಂಡು ಹೋಗಿ ಕೊಟ್ಟೆ, ನಾನೇ ಎದುರು ಕೂತು ಕೇಳಿದೆ. ಎಲ್ರೂ ಬಿಸ್ಕತ್ತು ಕೊಟ್ರು, ತಲೆ ಸವರಿದ್ರು. ಇಲ್ಲ ಅಂತ ಯಾರು ತಾನೇ ಹೇಳ್ತಾರೆ?” ಆಮೇಲೆ ನನ್ನ ಕಡೆ ತಿರುಗಿ ಸಿಡಿದಳು. “ನಿಮಗೆ ಭಾನುವಾರ ಗೊತ್ತಾಗಿದ್ದು ಮಂಗಳವಾರ ಹೇಳ್ತಿದ್ದೀರಲ್ಲ, ಮನುಷ್ಯರಾ ನೀವು?”

“ಈಗಲೂ ಹೇಳಿಲ್ಲ ಅಂದ್ಕೋ” ಅಂದೆ. ಮನಸ್ಸಿಗೆ ಕಷ್ಟವಾಗಿತ್ತು, ಅದಕ್ಕೇ ಹಾಗಂದೆ. “ಪೋಸ್ಟರು ಹೀಗೇ ಇರಲಿ. ಫಾರಮ್ಮಿದೆ, ಗುರುತಿದೆ, ನೀನೇನೂ ಸುಳ್ಳು ಬರೆದಿಲ್ಲ. ಸಹಿ ಹಾಕಿಸ್ಕೊಂಡು ಹೋಗು. ನಿನ್ನಕ್ಕನ ಮುಖ ನೆನಪಿಸ್ಕೋ.”

ಅವಳು ಕೈಗಡಿಯಾರವನ್ನು ತಿರುವುತ್ತಾ ಕೂತಿದ್ದಳು. ಬಾಟಲಿ ಯಂತ್ರ ಕಟಕಟ ಅನ್ನುತ್ತಲೇ ಇತ್ತು. ಅದನ್ನೇ ನೋಡುತ್ತಿದ್ದವಳು ಎದ್ದು ಗೋಡೆಯ ಹತ್ತಿರ ಹೋದಳು. ಸವೆತದ ಪಟ್ಟಿಯ ಮೇಲೆ ಬೆರಳಿಟ್ಟಳು.

“ಮೇಸ್ತ್ರೀ, ಎಷ್ಟು ಸಲ ತೆಗೆದ್ರೆ ಎಷ್ಟು ಸವೆಯುತ್ತೆ ಅಂತ ಇದರಲ್ಲಿದೆ. ಅಂದಮೇಲೆ, ಎಷ್ಟು ಸವೆದಿದೆ ಅಂತ ನೋಡಿದ್ರೆ ಎಷ್ಟು ಸಲ ತೆಗೆದಿದ್ದಾರೆ ಅಂತ ಗೊತ್ತಾಗಲ್ವಾ?”

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ್ದೆವು. ಮನೆಮನೆಗೆ ಹೋಗಿ ಜನರ ಬಾಯನ್ನು ಕೇಳಿದ್ದಳು, ರಬ್ಬರನ್ನು ಕೇಳಿರಲಿಲ್ಲ. ಆಚೆಯ ಕಟ್ಟಡದ ಪ್ರಶ್ನೆಗೆ ಉತ್ತರ ಈಚೆಯ ಗೋಡೆಗೆ ಅಂಟಿಕೊಂಡು ಕೂತಿತ್ತು.

“ಗೊತ್ತಾಗುತ್ತೆ” ಅಂದೆ. “ಆದ್ರೆ ಗೊತ್ತಾದಮೇಲೆ ಗೊತ್ತಿಲ್ಲ ಅನ್ನೋಕೆ ಬರಲ್ಲ. ಯೋಚ್ನೆ ಮಾಡು.”

“ಮಾಡಿದೆ” ಅಂತ ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟಳು.

ಮಂಗಳವಾರ, ಬುಧವಾರ ಅಲೆದು, ಕೊನೆಯ ಪಾಲಿಶ್ ಆಗಬೇಕು ಅಂತ ನೆಪ ಹೇಳಿ ಹಿಡಿಗಳನ್ನೆಲ್ಲ ವಾಪಸ್ ತಂದಳು. ಒಂದಕ್ಕೆ ಪ್ಲಾಸ್ಟಿಕ್ ಕವರು ಕೂಡ ಬಿಚ್ಚಿರಲಿಲ್ಲ. ಇನ್ನೊಂದನ್ನು ಮೊಮ್ಮಗು ಮೊಸಳೆ ಮಾಡಿಕೊಂಡು ಅದಕ್ಕೆ ಕಣ್ಣು ಬರೆದಿತ್ತು. ಒಂದು ಮನೆಯಲ್ಲಿ ಅದು ಕಿಟಕಿಗೆ ಒತ್ತು ಕೊಡುವ ಕೆಲಸ ಮಾಡುತ್ತಿತ್ತು. ಒಂದೊಂದಾಗಿ ಮೈಕ್ರೋಮೀಟರಿನ ಬಾಯಿಗಿಟ್ಟು ನಾನು ಅಳೆದೆ, ಅವಳು ಬರೆದುಕೊಂಡಳು. ಇಪ್ಪತ್ತನಾಲ್ಕರಲ್ಲಿ ಹತ್ತೊಂಬತ್ತು ಹೊಸ ಮದುಮಗಳ ಹಾಗಿದ್ದವು. ಐದು ಮಾತ್ರ ಚೆನ್ನಾಗಿ ಸವೆದಿದ್ದವು. ದಿನಕ್ಕೆ ಮೂರು ನಾಲ್ಕು ಸಲ ಬಳಸಿದ ಲೆಕ್ಕ.

ಆ ಐದು ಯಾರ ಮನೆಯವು ಅಂತ ಅವಳು ತನ್ನ ಪುಸ್ತಕ ತೆಗೆದು ನೋಡಿದಳು. ಐವರೂ ಒಬ್ಬೊಬ್ಬರೇ ಇರುವವರು. ಉಳಿದ ಹತ್ತೊಂಬತ್ತು ಮನೆಗಳಲ್ಲಿ ಗಂಡನೋ, ಮಗಳೋ, ಸೊಸೆಯೋ ಯಾರಾದರೊಬ್ಬರು ಇದ್ದರು.

“ಜೊತೆಗೆ ಯಾರಾದ್ರೂ ಇದ್ರೆ ತೆಗೆದುಕೊಡ್ತಾರೆ, ಅಷ್ಟೇ ತಾನೇ?” ಅಂದೆ.

“ಅಷ್ಟೇನಾ?” ಅಂದಳು. “ಇದಿದ್ರೆ ಕಾಯೋ ಕೆಲಸ ಇಲ್ಲ. ಆದ್ರೂ ಕಾಯ್ತಾರೆ. ಯಾಕೆ ಅಂತ ಮೇಡಮ್ ಕೇಳೇ ಕೇಳ್ತಾರೆ.”

ಗುರುವಾರ ಮಧ್ಯಾಹ್ನ, ನಾನು ಕೆಲಸದಲ್ಲಿದ್ದಾಗ, ಅವಳು ನಮ್ಮ ಮನೆಗೆ ಹೋಗಿದ್ದಳು. ಒಂದೂವರೆ ಗಂಟೆ ಕಳೆದು ವಾಪಸ್ ಬಂದಳು. ಕಣ್ಣು ಕೆಂಪಗಿತ್ತು.

“ಏನಂದ್ಲು ನಮ್ಮಾಕೆ?”

“ನೀವೇ ಕೇಳಿ.”

ನಾನು ಕೇಳಲಿಲ್ಲ. ಹೆಂಗಸರ ಮಾತು ನಮಗ್ಯಾಕೆ ಅಂತ ಬಿಟ್ಟೆ.

ಶುಕ್ರವಾರ ಹತ್ತು ಗಂಟೆಗೆ ಪರೀಕ್ಷೆ ನಮ್ಮ ವರ್ಕ್‌ಶಾಪಿನಲ್ಲೇ ನಡೆಯಿತು. ಬಾಟಲಿ ಯಂತ್ರವನ್ನು ಅಲ್ಲಿಂದ ಅಲುಗಾಡಿಸುವಂತಿರಲಿಲ್ಲ. ಚಾರ್ಟ್ ಮೇಡಮ್ ಎಣ್ಣೆಯ ಮೇಲೆ ತುದಿಗಾಲಲ್ಲಿ ನಡೆದುಕೊಂಡು ಬಂದು, ನಾನು ಒರೆಸಿಟ್ಟ ಕುರ್ಚಿಯನ್ನು ಇನ್ನೊಂದು ಸಲ ಒರೆಸಿ ಕೂತರು. ಮೈಕ್ರಾನ್ ಮೇಷ್ಟ್ರು ಪಕ್ಕದಲ್ಲಿ. ನಡುವೆ ಆ ಒಂದೇ ಹಾಳೆ. ಯಂತ್ರ ನೋಡಿಕೊಳ್ಳಬೇಕು ಅಂತ ನಾನು ಹಿಂದೆ, ಲೋಹವನ್ನು ಬಿಗಿದು ಹಿಡಿಯುವ ವೈಸ್ ಹತ್ತಿರ ನಿಂತಿದ್ದೆ. ಒರೆಸಿದ ಸ್ಪ್ಯಾನರನ್ನೇ ಮತ್ತೆ ಮತ್ತೆ ಒರೆಸುತ್ತಿದ್ದೆ. ಮದುವೆಯಾಗಿ ಹೋದ ನನ್ನ ಸ್ವಂತ ಮಗಳ ಪರೀಕ್ಷೆಗೂ ನನಗೆ ಹೀಗಾಗಿರಲಿಲ್ಲ.

ಹುಡುಗಿ ಮೊದಲು ಹಿಡಿ ತೋರಿಸಿದಳು, ಬಾಟಲಿ ತೆಗೆದಳು, ಲೆಕ್ಕ ಹೇಳಿದಳು. ಮೈಕ್ರಾನ್ ಮೇಷ್ಟ್ರು ತಲೆಯಾಡಿಸಿದರು. ಆಮೇಲೆ ಪೋಸ್ಟರು ಬಿಡಿಸಿ ತೊಂಬತ್ತಾರು ಅನ್ನುವ ಅಂಕಿಯನ್ನು ತೋರಿಸಿದಳು.

“ಇದು ಜನ ಹೇಳಿದ್ದು” ಅಂದಳು. ಪೋಸ್ಟರನ್ನು ಸುತ್ತಿ ಪಕ್ಕಕ್ಕಿಟ್ಟು ಸವೆತದ ಪಟ್ಟಿಯನ್ನು ಮುಂದಿಟ್ಟಳು. “ಇದು ರಬ್ಬರು ಹೇಳಿದ್ದು. ಶೇಕಡಾ ಇಪ್ಪತ್ತೊಂದು.”

ಮೇಡಮ್ ಕನ್ನಡಕ ತೆಗೆದರು. “ಅಂದ್ರೆ ನಿಮ್ಮ ಸಮೀಕ್ಷೆ ಸುಳ್ಳು ಅಂತ ನೀವೇ ಹೇಳ್ತಿದ್ದೀರಾ?”

“ಹೌದು ಮೇಡಮ್. ಅವರು ನನಗೆ ಬೇಜಾರಾಗಬಾರದು ಅಂತ ಹೇಳಿದ್ದು. ನಾನು ಅದನ್ನ ಬೇಡಿಕೆ ಅಂತ ಬರ್ಕೊಂಡೆ.”

“ಅಳತೆ ಯಾರದು?” ಅಂತ ಮೈಕ್ರಾನ್ ಮೇಷ್ಟ್ರು ಕೇಳಿದರು.

“ಮೇಸ್ತ್ರಿಯವರದು ಸರ್.”

ಅವರು ಹಿಂದೆ ತಿರುಗಿ ನನ್ನನ್ನು ನೋಡಿ ಹ್ಞೂಂ ಅಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

“ಸರಿ. ವಸ್ತು ಚೆನ್ನಾಗಿದೆ, ಕೈ ನೋಯುತ್ತೆ, ಪುಕ್ಕಟೆ ಕೊಟ್ಟಿದ್ದೀರಿ” ಅಂದರು ಮೇಡಮ್. “ಹತ್ತೊಂಬತ್ತು ಜನ ಯಾಕೆ ಮುಟ್ಟಲಿಲ್ಲ?”

ಹುಡುಗಿ ಒಂದು ಗುಟುಕು ನೀರು ಕುಡಿದಳು. ನನ್ನ ಕಡೆ ನೋಡಲಿಲ್ಲ.

“ಒಬ್ರು ಅಮ್ಮ ಹೇಳಿದ್ರು ಮೇಡಮ್. ಹೆಸರು ಹೇಳಬೇಡ, ವಿಷಯ ಬೇಕಾದ್ರೆ ಹೇಳು ಅಂದಿದ್ದಾರೆ. ಅವರ ಮಾತಲ್ಲೇ ಹೇಳ್ತೀನಿ. ‘ನಮ್ಮ ಯಜಮಾನ್ರು ದಿನಕ್ಕೆ ಒಂದೇ ಸಲ ಅಡುಗೆಮನೆಗೆ ಬರ್ತಾರೆ, ಬಾಟಲಿ ತೆಗೆಯೋಕೆ. ಬೈಕೊಂಡೇ ಬರ್ತಾರೆ. ಕಾಫಿ ಇಳಿಯೋ ತನಕ ಗೋಡೆಗೆ ಒರಗಿ ನಿಂತು ಕೆಲಸದ ಜಾಗದಲ್ಲಿ ಏನೇನಾಯ್ತು ಅಂತ ಹೇಳ್ತಾರೆ. ಆಮೇಲೆ ಟೀವಿ ಮುಂದೆ ಕೂತ್ರೆ ಮುಗೀತು. ಮನೆಯಲ್ಲಿ ಬೇರೆ ಎಲ್ಲ ಡಬ್ಬಿ ಮುಚ್ಚಳಾನೂ ನಾನು ಸಡಿಲವಾಗೇ ಇಡ್ತೀನಿ. ಅದೊಂದು ಬಾಟಲೀನ ಮಾತ್ರ ಅವರ ಕೈಲೇ ಮುಚ್ಚಿಸ್ತೀನಿ. ನೀನು ಕೊಟ್ಟಿದ್ದು ಚೆನ್ನಾಗಿದೆ ಮಗಳೇ. ಆದ್ರೆ ಅದನ್ನ ಇಟ್ಕೊಂಡ್ರೆ ಅವರು ಯಾಕೆ ಬರ್ತಾರೆ?’”

ಕೈಗೆ ಸಿಕ್ಕ ವೈಸ್ ಹಿಡಿಯನ್ನು ಸುಮ್ಮನೆ ತಿರುಗಿಸಿದೆ. ಅದರಲ್ಲಿ ಬಿಗಿಯಲು ಏನೂ ಇರಲಿಲ್ಲ. ಅಯ್ಯೋ, ನಾನೆಂಥ ಪೆದ್ದ! ನಾಲ್ಕು ವರ್ಷ! ನಾಲ್ಕು ವರ್ಷ ದಿನಾ ಆ ಮುಚ್ಚಳವನ್ನು ಬಿಗಿ ಮಾಡಿದವನು ನಾನೇ, ಬೈಕೊಂಡು ತೆಗೆದವನೂ ನಾನೇ. ಉಳಿದ ಡಬ್ಬಿಗಳನ್ನು ಯಾರು ತೆಗೆಯುತ್ತಾರೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ.

“ಮೊದಲ ದಿನ ಅವರ ಮನೆಗೆ ಹೋದಾಗ ಆ ಅಮ್ಮ ಬಾಟಲಿ ಹಿಡ್ಕೊಂಡು ಕಾಯ್ತಾ ನಿಂತಿದ್ರು” ಅಂದಳು ಹುಡುಗಿ. “ನಾನು ಬಾಟಲಿ ನೋಡಿದೆ ಮೇಡಮ್, ಕಾಯೋದನ್ನ ನೋಡಲಿಲ್ಲ.”

ಯಂತ್ರ ಒಂದು ಸಲ ಬಾಟಲಿ ತೆಗೆದು ಮುಚ್ಚಿತು.

“ಹಾಗಾದ್ರೆ ಇದನ್ನ ಯಾರಿಗೆ ಮಾರ್ತೀರಿ?” ಅಂತ ಮೇಡಮ್ ಕೇಳಿದರು. ದನಿ ಮೆತ್ತಗಾಗಿತ್ತು.

“ಒಬ್ರೇ ಇರೋರಿಗೆ ಮಾತ್ರ. ಅವರಿಗೆ ಇದು ನಿಜವಾಗಿ ಬೇಕು. ವಾಪಸ್ ತಗೊಂಡಾಗ ಐದೂ ಜನ ಯಾವಾಗ ತಂದುಕೊಡ್ತೀಯ ಅಂತ ಕೇಳಿದ್ರು, ಬೇರೆ ಯಾರೂ ಕೇಳಲಿಲ್ಲ. ಎಲ್ರಿಗೂ ಬೇಕು ಅಂತ ನಾನು ಬರೆದಿದ್ದು ತಪ್ಪು. ಈ ವರದಿಗೆ ಸಹಿ ಹಾಕೋಕೆ ಆಗಲ್ಲ ಅಂದ್ರೆ…” ಅಕ್ಕನ ಗಡಿಯಾರವನ್ನು ಗಟ್ಟಿಯಾಗಿ ಹಿಡಿದುಕೊಂಡಳು. “ಅಂದ್ರೆ ಪರವಾಗಿಲ್ಲ ಅಂತ ಹೇಳಲ್ಲ ಮೇಡಮ್. ನನಗೆ ತುಂಬಾ ಕಷ್ಟ ಆಗುತ್ತೆ. ಆದ್ರೆ ತೊಂಬತ್ತಾರು ಅಂತ ಹೇಳೋಕೆ ಆಗಲ್ಲ.”

ಮೇಡಮ್ ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಕ್ಯಾಪ್ ತೆಗೆದ ಶಬ್ದ ನನಗೆ ಹಿಂದಕ್ಕೂ ಕೇಳಿಸಿತು. “ಇಪ್ಪತ್ತು ವರ್ಷದಿಂದ ಫಾರಮ್ ಓದ್ತಿದ್ದೀನಿ. ಅದರಲ್ಲಿ ಎಷ್ಟು ಜನ ನನ್ನ ಮುಖ ನೋಡಿ ಬರೆದ್ರೋ” ಅಂತ ತಮಗೆ ತಾವೇ ಹೇಳಿಕೊಂಡು ಸಹಿ ಹಾಕಿದರು. ಮೈಕ್ರಾನ್ ಮೇಷ್ಟ್ರು ಮಾತ್ರ ತಮ್ಮ ಬುದ್ಧಿ ಬಿಡಲಿಲ್ಲ. ಇಪ್ಪತ್ತನಾಲ್ಕು ಸಾಲದು, ಐವತ್ತಾದರೂ ಅಳೆಯಬೇಕಿತ್ತು ಅಂತ ಗೊಣಗಿದರು. ಗೊಣಗುತ್ತಲೇ ಮೇಡಮ್ ಸಹಿಯ ಕೆಳಗೆ ತಮ್ಮದನ್ನೂ ಹಾಕಿದರು.

ಅವರು ಹೋದಮೇಲೆ ಹುಡುಗಿ ಬೆಂಚಿಗೊರಗಿ ಗಳಗಳ ಅತ್ತಳು. ಅಳುತ್ತಲೇ ಅಕ್ಕನಿಗೆ ಫೋನು ಮಾಡಿದಳು. ಆ ಕಡೆಯಿಂದಲೂ ಅಳುವೇ ಕೇಳುತ್ತಿತ್ತು. ಕೈ ಒರೆಸುವ ಬಟ್ಟೆಗಳಲ್ಲಿ ಇದ್ದುದರಲ್ಲೇ ಶುಭ್ರವಾದದ್ದನ್ನು ಹುಡುಕಿ ಕೊಟ್ಟೆ. ಮುಖ ಒರೆಸಿಕೊಂಡಳು, ಕೆನ್ನೆಗೆ ಗ್ರೀಸ್ ಮೆತ್ತಿತು.

“ಮೇಸ್ತ್ರೀ, ಸಿಟ್ಟಾ?”

“ನಿನ್ನ ಮೇಲಲ್ಲ ಕಣಮ್ಮಾ” ಅಂದೆ.

ಅವತ್ತು ಮನೆಗೆ ಐದಕ್ಕೇ ಬಂದೆ. ಕೂಗು ಬರುವ ಮೊದಲೇ ಅಡುಗೆಮನೆಗೆ ಹೋದೆ. ನಮ್ಮಾಕೆ ಇನ್ನೂ ಒಲೆ ಹಚ್ಚಿರಲಿಲ್ಲ, ಗಾಬರಿಯಾದಳು.

“ಏನ್ರೀ? ಮೈ ಹುಷಾರಿಲ್ವಾ?”

“ಹುಷಾರಾಗೇ ಇದ್ದೀನಿ. ಹುಡುಗಿ ಪಾಸು.”

“ಹೌದಾ! ನನ್ನ ತಾಯೀ!” ಅಂತ ಎರಡೂ ಕೈ ಕೆನ್ನೆಗೆ ಹಚ್ಚಿಕೊಂಡಳು. ಗಂಟುಗಂಟು ಬೆರಳು. ಆಮೇಲೆ ಮೆಲ್ಲಗೆ, ಬೇರೆಲ್ಲೋ ನೋಡುತ್ತಾ ಕೇಳಿದಳು, “ನಮ್ಮನೆ ವಿಷಯ ಏನಾದ್ರೂ ಹೇಳಿದ್ಲಾ ಅಲ್ಲಿ?”

“ಇಲ್ಲಪ್ಪ. ನಮ್ಮನೆ ವಿಷಯ ಏನಿದೆ ಹೇಳೋಕೆ?” ಅಂದೆ. ಫಾರಮ್ಮಿನಲ್ಲಿ ಅವಳು ಹಾಕಿದ ಗುರುತಿನಂಥದ್ದೇ ಒಂದು ಗುರುತನ್ನು ನಾನೂ ಹಾಕಿದೆ.

ಅವಳು ಕಾಫಿಪುಡಿ ಬಾಟಲಿ ಕೊಟ್ಟಳು, ತೆಗೆದುಕೊಟ್ಟೆ. ಮೇಡಮ್ ತುದಿಗಾಲಲ್ಲಿ ನಡೆದದ್ದು, ಮೇಷ್ಟ್ರು ಹ್ಞೂಂ ಅಂದದ್ದು ಎಲ್ಲ ಹೇಳಿದೆ. ಅವಳು ನಕ್ಕಳು. ಕಾಫಿ ಇಳಿಯಿತು. ಲೋಟ ಕೈಗೆ ಬಂದಮೇಲೂ ನಾನು ಹೊರಗೆ ಹೋಗಲಿಲ್ಲ. ಮೂಲೆಯಲ್ಲಿದ್ದ ಸ್ಟೂಲನ್ನು ಎಳೆದುಕೊಂಡು ಕೂತೆ.

“ಬಾಟಲಿ ತೆಗೆದಾಯ್ತಲ್ಲ. ಇನ್ನೇನು?” ಅಂದಳು.

“ಇನ್ಯಾವುದಾದ್ರೂ ಬಿಗಿ ಇದ್ರೆ ಕೊಡು. ಇಲ್ಲೇ ಇದ್ದೀನಲ್ಲ.”

ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕಪಾಟಿನಿಂದ ಸಕ್ಕರೆ ಡಬ್ಬಿ ತೆಗೆದು ನನ್ನ ಕೈಗೆ ಕೊಟ್ಟಳು. ಅದರ ಮುಚ್ಚಳ ಸಡಿಲವಾಗಿಯೇ ಇತ್ತು. ಹಲ್ಲು ಕಚ್ಚಿ, ಬೈಕೊಂಡು, ತುಂಬಾ ಹೊತ್ತು ತಿರುಗಿಸಿದೆ.